ಒಂದೇ ಪ್ಲಾಟಿನಂ, ಎರಡು ಅಣುಗಳು: ಒಂದರ ಪ್ರತಿದೀಪ್ತಿ ಆರಿತು, ಇನ್ನೊಂದರದು ಏಕೆ ಆರಲಿಲ್ಲ?

ಇಬ್ಬನಿ:

ಎಲ್ಲರಿಗೂ ನಮಸ್ಕಾರ. ಸಂಶೋಧನೆಗೆ ಸೇರಿ ಇನ್ನೂ ಒಂದು ವರ್ಷ ತುಂಬಿಲ್ಲ. ಎರಡು ವಾರಗಳಿಂದ ಬಿಡದೆ ಕಾಡುತ್ತಿರುವ ಒಂದು ಗೋಜಲನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಎರಡು ಅಣುಗಳನ್ನು ತಯಾರಿಸಿದ್ದೇನೆ. ಎರಡರ ನಡುವೆಯೂ ಒಂದೊಂದು ಪ್ಲಾಟಿನಂ ಪರಮಾಣು ಇದೆ. ಅದರ ಎರಡು ಬದಿಗೂ ತ್ರಿಬಂಧ, ಬೆಂಜೀನ್ ಉಂಗುರ, ಮತ್ತೆ ತ್ರಿಬಂಧ, ಮತ್ತೆ ಉಂಗುರ ಎಂದು ಸಾಗುವ ಸಂಯುಗ್ಮಿತ ತೋಳುಗಳಿವೆ, ಅಂದರೆ ಎಲೆಕ್ಟ್ರಾನ್ ಮೋಡ ಉದ್ದಕ್ಕೂ ಹರಡಬಲ್ಲ ತೋಳುಗಳು. ಗಿಡ್ಡ ಅಣುವಿನ ಒಂದೊಂದು ತೋಳಿನಲ್ಲಿ ಎರಡು ಉಂಗುರ, ಉದ್ದನೆಯದರಲ್ಲಿ ನಾಲ್ಕು. ಲೋಹಕ್ಕೆ ಜೋಡಿಸುವ ಮೊದಲು ಎರಡು ಬಗೆಯ ತೋಳುಗಳೂ ಪ್ರತಿದೀಪ್ತಿ (ಹೀರಿದ ಬೆಳಕನ್ನು ತಕ್ಷಣವೇ ಮತ್ತೆ ಸೂಸುವುದು) ಕೊಡುತ್ತಿದ್ದವು. ಗಿಡ್ಡದ್ದು ನೇರಳಾತೀತದಲ್ಲಿ ಮಂದವಾಗಿ, ಉದ್ದನೆಯದು ಕಣ್ಣಿಗೆ ಚೆನ್ನಾಗಿ ಕಾಣುವ ನೀಲಿಯಾಗಿ.

ಜೋಡಿಸಿದ ಮೇಲೆ ಗಿಡ್ಡ ಅಣುವಿನ ಪ್ರತಿದೀಪ್ತಿ ಉಪಕರಣಕ್ಕೂ ಸಿಗದಷ್ಟು ಕ್ಷೀಣಿಸಿತು. ಅದು ನಿರೀಕ್ಷಿತವೇ. ಭಾರವಾದ ಪರಮಾಣು ಬಂದರೆ ಸಿಂಗ್ಲೆಟ್ ಸ್ಥಿತಿಯಲ್ಲಿರುವ (ಎಲೆಕ್ಟ್ರಾನ್ ಜೋಡಿಯ ಸ್ಪಿನ್‌ಗಳು ವಿರುದ್ಧವಾಗಿರುವ) ಅಣು ಟ್ರಿಪ್ಲೆಟ್ ಸ್ಥಿತಿಗೆ (ಸ್ಪಿನ್‌ಗಳು ಒಂದೇ ದಿಕ್ಕಿಗಿರುವ ಸ್ಥಿತಿಗೆ) ಜಾರುತ್ತದೆ, ಆ ಪ್ರಭಾವ ಪರಮಾಣು ಸಂಖ್ಯೆಯ ನಾಲ್ಕನೇ ಘಾತದಂತೆ ಏರುತ್ತದೆ ಎಂದು ಓದಿದ್ದೇನೆ. ಪ್ಲಾಟಿನಂನ ಸಂಖ್ಯೆ 78. ಆದರೆ ಉದ್ದನೆಯ ಅಣು ಈಗಲೂ ನೀಲಿಯಾಗಿ ಹೊಳೆಯುತ್ತಿದೆ. ಮಂಕಾಗಿರುವುದು ನಿಜ, ಆರಿಲ್ಲ. ಅದೇ ಲೋಹ, ಅದೇ ಬಂಧ, ಅದೇ ದ್ರಾವಕ. ಹೀಗೇಕೆ?

ಇನ್ನೂ ಒಂದು ಸಂಗತಿ. ಟ್ರಿಪ್ಲೆಟ್‌ಗೆ ಜಾರಿದ ಅಣುಗಳಿಂದ ತಡವಾಗಿ ಬರಬೇಕಾದ ಬೆಳಕು, ಅಂದರೆ ಸ್ಫುರದೀಪ್ತಿ, ಎರಡರಲ್ಲೂ ಕಾಣಿಸಲೇ ಇಲ್ಲ. ಸಾಮಾನ್ಯ ಮುಚ್ಚಳದ ಕ್ಯುವೆಟ್‌ನಲ್ಲಿ ಅಳೆದಿದ್ದೇನೆ.

ನಿರ್ವಾತ:

ಇಬ್ಬನಿ ಅವರೇ, ಎರಡನೆಯ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಗಾಳಿಯ ಆಮ್ಲಜನಕವನ್ನು ತೆಗೆದಿಲ್ಲ.

ಆಮ್ಲಜನಕದ ಅಣು ತನ್ನ ಸಹಜ ಸ್ಥಿತಿಯಲ್ಲೇ ಟ್ರಿಪ್ಲೆಟ್. ನಿಮ್ಮ ಟ್ರಿಪ್ಲೆಟ್ ಅಣುವಿಗೆ ಅದು ಡಿಕ್ಕಿ ಹೊಡೆದರೆ ಶಕ್ತಿಯನ್ನು ಕಸಿದುಕೊಂಡು ತಾನು ಸಿಂಗ್ಲೆಟ್ ಆಮ್ಲಜನಕವಾಗುತ್ತದೆ. ಅದಕ್ಕೆ ಬೇಕಾದದ್ದು 0.98 ಎಲೆಕ್ಟ್ರಾನ್ ವೋಲ್ಟ್ ಮಾತ್ರ, ನಿಮ್ಮ ಟ್ರಿಪ್ಲೆಟ್‌ನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇರುತ್ತದೆ. ಗಾಳಿಗೆ ತೆರೆದಿಟ್ಟ ಟಾಲ್ವೀನ್‌ನಲ್ಲಿ ಲೀಟರಿಗೆ ಸುಮಾರು 2 ಮಿಲಿಮೋಲ್ ಆಮ್ಲಜನಕ ಕರಗಿರುತ್ತದೆ. ನೂರು ಮೈಕ್ರೊಸೆಕೆಂಡ್ ಬದುಕಬೇಕಾದ ಟ್ರಿಪ್ಲೆಟ್ ಒಂದು ಮೈಕ್ರೊಸೆಕೆಂಡಿನ ಒಳಗೇ ನಂದಿಹೋಗಲು ಅಷ್ಟು ಧಾರಾಳವಾಗಿ ಸಾಕು. ಪ್ರತಿದೀಪ್ತಿ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಮುಗಿಯುವುದರಿಂದ ಆಮ್ಲಜನಕ ಬಂದು ಮುಟ್ಟುವ ಹೊತ್ತಿಗೆ ಅದರ ಕೆಲಸ ಆಗಿರುತ್ತದೆ. ಹಾಗಾಗಿ ಗಾಳಿಯಲ್ಲಿ ನಿಮಗೆ ಅದೊಂದೇ ಕಾಣುತ್ತದೆ.

ದ್ರಾವಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ಒಡ್ಡಿ, ಕರಗಿಸಿ. ಹೀಗೆ ಕನಿಷ್ಠ ಮೂರು ಸಲ ಮಾಡಿ. ಆರ್ಗಾನ್ ಹಾಯಿಸುವುದು ಸುಲಭ, ಆದರೆ ರಬ್ಬರ್ ಮುಚ್ಚಳದ ಮೂಲಕ ಗಾಳಿ ಮತ್ತೆ ನುಸುಳುತ್ತದೆ. ಜೀವಿತಾವಧಿ ಅಳೆಯುವವರು ಅದನ್ನು ನಂಬಬಾರದು.

ಮೊದಲ ಪ್ರಶ್ನೆಗೆ ಮುನ್ನ ನನ್ನದೊಂದು ಅನುಮಾನ: ಆ ನೀಲಿ ಬೆಳಕು ನಿಮ್ಮ ಅಣುವಿನದೇ ಎಂದು ಖಚಿತವೇ? ಲೋಹಕ್ಕೆ ಸೇರದೆ ಉಳಿದ ತೋಳು ನೂರಕ್ಕೆ ಒಂದು ಪಾಲು ಇದ್ದರೂ ಅದರ ಪ್ರಖರ ಪ್ರತಿದೀಪ್ತಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಉದ್ದೀಪನ ವರ್ಣಪಟಲವನ್ನು, ಅಂದರೆ ಯಾವ ತರಂಗಾಂತರದ ಬೆಳಕು ಹೀರಿದಾಗ ಈ ನೀಲಿ ಬರುತ್ತದೆ ಎಂಬ ನಕ್ಷೆಯನ್ನು, ತೆಗೆದು ನೋಡಿ. ಅದು ಲೋಹದ ಅಣುವಿನ ಹೀರಿಕೆಯನ್ನು ಹೋಲುತ್ತದೆಯೋ, ಬಿಡಿ ತೋಳಿನದನ್ನೋ?

ಕಂದೀಲು:

ನಿರ್ವಾತ ಅವರ ಅನುಮಾನವನ್ನು ಮೊದಲು ಪರಿಹರಿಸಿಕೊಳ್ಳಿ. ನೀಲಿ ಬೆಳಕು ಅಣುವಿನದೇ ಆಗಿದ್ದರೂ ನನಗೆ ಆಶ್ಚರ್ಯವಾಗುವುದಿಲ್ಲ. ಏಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲೇ.

ಬೆಳಕು ಹೀರಿದ ಅಣುವಿನಲ್ಲಿ ಒಂದು ಎಲೆಕ್ಟ್ರಾನ್ ಮೇಲಿನ ಕಕ್ಷೆಗೆ ಏರುತ್ತದೆ. ಅದರ ಸ್ಪಿನ್ (ಪುಟ್ಟ ಕಾಂತದಂತಹ ಅದರ ಸಹಜ ಗುಣ), ಕೆಳಗೆ ಉಳಿದ ಸಂಗಾತಿಯ ಸ್ಪಿನ್‌ಗೆ ವಿರುದ್ಧವಾಗಿಯೇ ಇದ್ದರೆ ಸಿಂಗ್ಲೆಟ್, ಒಂದೇ ದಿಕ್ಕಿಗೆ ತಿರುಗಿದರೆ ಟ್ರಿಪ್ಲೆಟ್. ಬೆಳಕಿಗೆ ಸ್ಪಿನ್ ತಿರುಗಿಸುವ ಶಕ್ತಿ ಇಲ್ಲ. ಆದ್ದರಿಂದ ಶುದ್ಧ ಹೈಡ್ರೊಕಾರ್ಬನ್‌ನಲ್ಲಿ ಟ್ರಿಪ್ಲೆಟ್‌ಗೆ ಹೋಗುವ ದಾರಿಯೂ ಇಕ್ಕಟ್ಟು, ಅಲ್ಲಿಂದ ಕೆಳಗಿಳಿಯುವ ದಾರಿಯೂ ಇಕ್ಕಟ್ಟು. 77 ಕೆಲ್ವಿನ್‌ನಲ್ಲಿ ಗಾಜಿನಂತೆ ಹೆಪ್ಪುಗಟ್ಟಿದ ದ್ರಾವಕದಲ್ಲಿ ನ್ಯಾಫ್ತಲೀನ್‌ನ ಟ್ರಿಪ್ಲೆಟ್ ಎರಡು ಸೆಕೆಂಡಿಗೂ ಹೆಚ್ಚು ಬದುಕುತ್ತದೆ. ದೀಪ ಆರಿಸಿದ ಮೇಲೂ ಹೊಳಪು ಕಣ್ಣಿಗೆ ಕಾಣುತ್ತದೆ. ಅದೇ ನ್ಯಾಫ್ತಲೀನ್‌ಗೆ ಒಂದು ಬ್ರೋಮಿನ್ ಸೇರಿಸಿದರೆ ಜೀವಿತಾವಧಿ ಸುಮಾರು 0.02 ಸೆಕೆಂಡಿಗೆ ಇಳಿಯುತ್ತದೆ, ಅಯೋಡಿನ್ ಸೇರಿಸಿದರೆ ಸುಮಾರು 0.002 ಸೆಕೆಂಡಿಗೆ. ಒಂದೇ ಒಂದು ಪರಮಾಣು ಬದಲಾದದ್ದಕ್ಕೆ ಸಾವಿರ ಪಟ್ಟು ವ್ಯತ್ಯಾಸ. ಈ ಸಾಲನ್ನು ಮೊದಲ ಬಾರಿ ನೋಡಿದ ದಿನ ನನಗಾದ ರೋಮಾಂಚನ ಇನ್ನೂ ಮಾಸಿಲ್ಲ.

ಸ್ಪಿನ್ ತಿರುಗಿಸುವವರು ಯಾರು ಹಾಗಾದರೆ? ಹೆಚ್ಚು ಧನ ಆವೇಶದ ಪರಮಾಣು ಕೇಂದ್ರದ ಬಳಿ ಎಲೆಕ್ಟ್ರಾನ್ ಅತಿ ವೇಗವಾಗಿ ಸುತ್ತುತ್ತದೆ. ಎಲೆಕ್ಟ್ರಾನ್‌ನ ಕಡೆಯಿಂದ ನೋಡಿದರೆ ಆ ಕೇಂದ್ರವೇ ತನ್ನನ್ನು ಸುತ್ತುತ್ತಿರುವಂತೆ, ಅಂದರೆ ಪ್ರಬಲ ಕಾಂತಕ್ಷೇತ್ರವೊಂದು ತನ್ನ ಮೇಲೆ ಬಿದ್ದಂತೆ. ಅದಕ್ಕೆ ಸಿಕ್ಕಿದ ಸ್ಪಿನ್ ತಿರುಗುತ್ತದೆ, ಕಕ್ಷೆಯ ಚಲನೆ ಅದರ ಲೆಕ್ಕವನ್ನು ಸರಿದೂಗಿಸುತ್ತದೆ. ಸ್ಪಿನ್-ಆರ್ಬಿಟ್ ಜೋಡಣೆ ಎಂದರೆ ಇದೇ.

ಇಲ್ಲಿಯೇ ನಿಮ್ಮ ಗೋಜಲು ಬಿಚ್ಚಿಕೊಳ್ಳುತ್ತದೆ. ಆ ಕಾಂತಕ್ಷೇತ್ರದ ಅನುಭವ ಆಗಬೇಕಾದರೆ ಉದ್ದೀಪನಗೊಂಡ ಎಲೆಕ್ಟ್ರಾನ್ ಲೋಹದ ಹತ್ತಿರ ಹಾದುಹೋಗಬೇಕು. ಅಣುವಿನಲ್ಲಿ ಲೋಹ ಇದೆ ಎಂಬುದರಿಂದ ಏನೂ ಆಗುವುದಿಲ್ಲ. ಗಿಡ್ಡ ಅಣುವಿನಲ್ಲಿ ಎಲೆಕ್ಟ್ರಾನ್ ಮೋಡ ಹರಡಲು ಇರುವ ಜಾಗವೇ ಕಡಿಮೆ, ಅದರಲ್ಲಿ ಪ್ಲಾಟಿನಂನ ಪಾಲು ದೊಡ್ಡದು. ತೋಳು ಉದ್ದವಾದಷ್ಟೂ ಮೋಡ ಉಂಗುರಗಳ ಮೇಲೆ ಹರಡುತ್ತದೆ, ಲೋಹದ ಮೇಲೆ ಬೀಳುವ ಪಾಲು ಕುಗ್ಗುತ್ತದೆ. ಟ್ರಿಪ್ಲೆಟ್‌ಗೆ ದಾಟುವ ವೇಗ ಆ ಜೋಡಣೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಪಾಲು ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಉದ್ದನೆಯ ತೋಳು ತಾನಾಗಿಯೇ ಬೆಳಕು ಸೂಸುವುದರಲ್ಲಿ ಚುರುಕು. ಎರಡೂ ಸೇರಿದಾಗ ಟ್ರಿಪ್ಲೆಟ್‌ಗೆ ದಾಟುವ ಮೊದಲೇ ಕೆಲವು ಅಣುಗಳು ನೀಲಿ ಬೆಳಕು ಸೂಸಿ ಕೆಳಗಿಳಿಯುತ್ತವೆ.

ಅಲೆಕಣ:

ಕಂದೀಲು ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾಲ್ಕನೇ ಘಾತದ ಮಾತನ್ನು ಮಾತ್ರ ಇಲ್ಲಿಗೇ ಬಿಡಬಾರದು, ಏಕೆಂದರೆ ಅದು ಪಠ್ಯಗಳಲ್ಲಿ ಹಾಗೆಯೇ ಕುಳಿತು ಎಲ್ಲರನ್ನೂ ತಪ್ಪು ಲೆಕ್ಕಕ್ಕೆ ಎಳೆಯುತ್ತಿದೆ.

ನಾಲ್ಕನೇ ಘಾತ ಸರಿಯಾಗಿ ಹೊಂದುವುದು ಒಂದೇ ಎಲೆಕ್ಟ್ರಾನ್ ಇರುವ, ಹೈಡ್ರೊಜನ್‌ನಂತಹ ಪರಮಾಣುವಿಗೆ. ನಿಜವಾದ ಪರಮಾಣುವಿನಲ್ಲಿ ಒಳಗಿನ ಎಲೆಕ್ಟ್ರಾನ್‌ಗಳು ಕೇಂದ್ರದ ಆವೇಶವನ್ನು ಮರೆಮಾಡುತ್ತವೆ. ಕೋಷ್ಟಕಗಳಲ್ಲಿ ಕೊಡುವ ಸ್ಪಿನ್-ಆರ್ಬಿಟ್ ಸ್ಥಿರಾಂಕಗಳನ್ನೇ ನೋಡಿ. ಸೆಂಟಿಮೀಟರಿನ ವಿಲೋಮ ಮಾನದಲ್ಲಿ ಇಂಗಾಲಕ್ಕೆ ಸುಮಾರು 30, ಬ್ರೋಮಿನ್‌ಗೆ ಸುಮಾರು 2,460, ಇರಿಡಿಯಂಗೆ ಸುಮಾರು 3,900, ಪ್ಲಾಟಿನಂಗೆ ಸುಮಾರು 4,480, ಅಯೋಡಿನ್‌ಗೆ ಸುಮಾರು 5,070.

ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಅಯೋಡಿನ್‌ನ ಪರಮಾಣು ಸಂಖ್ಯೆ 53, ಪ್ಲಾಟಿನಂನದು 78. ನಾಲ್ಕನೇ ಘಾತವನ್ನು ನಂಬಿದರೆ ಪ್ಲಾಟಿನಂ ನಾಲ್ಕೂವರೆ ಪಟ್ಟಿಗಿಂತ ಮುಂದಿರಬೇಕಿತ್ತು. ವಾಸ್ತವದಲ್ಲಿ ಅದು ಅಯೋಡಿನ್‌ಗಿಂತ ಹಿಂದಿದೆ. ಅಯೋಡಿನ್‌ನ ಹೊರಗಿನ ಪಿ-ಎಲೆಕ್ಟ್ರಾನ್ ಕೇಂದ್ರದ ಬಳಿಗೆ ನುಗ್ಗಿ ಬರುತ್ತದೆ, ಪ್ಲಾಟಿನಂನ ಡಿ-ಎಲೆಕ್ಟ್ರಾನ್ ಅಷ್ಟು ಒಳಗೆ ಹೋಗುವುದಿಲ್ಲ. ಪರಮಾಣುವಿನ ತೂಕ ಎಂಬ ಒಂದೇ ಅಳತೆಗೋಲು ಹಿಡಿದು ಹೊರಟರೆ ಇಂತಹ ಕಡೆ ಮುಗ್ಗರಿಸುತ್ತೇವೆ.

ಇಬ್ಬನಿ:

ಕಂದೀಲು ಸರ್, ಅಲೆಕಣ ಅವರೇ, ತುಂಬಾ ಧನ್ಯವಾದಗಳು. ಎಲೆಕ್ಟ್ರಾನ್ ಲೋಹದ ಬಳಿ ಹಾದುಹೋಗಬೇಕು ಎಂಬ ಒಂದು ಮಾತಿನಿಂದಲೇ ಬಹಳಷ್ಟು ತಿಳಿಯಾಯಿತು. ಹಾಗಿದ್ದರೆ ಇನ್ನೆರಡು ಸಂದೇಹ. ಅಯೋಡಿನ್‌ನ ಸ್ಥಿರಾಂಕವೇ ದೊಡ್ಡದಾದರೆ ದುಬಾರಿ ಪ್ಲಾಟಿನಂ ಏಕೆ ಬೇಕು? ಮತ್ತು ನಮ್ಮ ಪ್ರಯೋಗಾಲಯದಲ್ಲಿ ಒಬ್ಬರು ಪಾರ್ಫಿರಿನ್‌ಗೆ (ನಡುವೆ ಲೋಹ ಕೂರಬಲ್ಲ ದೊಡ್ಡ ಉಂಗುರದ ಅಣುವಿಗೆ) ನಿಕ್ಕಲ್ ಸೇರಿಸಿದಾಗ ಪ್ರತಿದೀಪ್ತಿ ಪೂರ್ತಿ ಹೋಯಿತು, ಸ್ಫುರದೀಪ್ತಿಯೂ ಬರಲಿಲ್ಲ. ನಿಕ್ಕಲ್ ಅಷ್ಟೇನೂ ಭಾರವಲ್ಲವಲ್ಲ?

ಕಂದೀಲು:

ಎರಡೂ ಒಳ್ಳೆಯ ಪ್ರಶ್ನೆಗಳು.

ಅಯೋಡಿನ್ ಕೆಲಸ ಮಾಡುವುದಿಲ್ಲ ಎಂದಲ್ಲ, ಬಹಳ ಚೆನ್ನಾಗಿ ಮಾಡುತ್ತದೆ. ಫ್ಲೂರೊಸೀನ್ ಎಂಬ ಬಣ್ಣವನ್ನು ತೆಗೆದುಕೊಳ್ಳಿ. ಕ್ಷಾರೀಯ ನೀರಿನಲ್ಲಿ ಅದು ಹೀರಿದ ನೂರು ಫೋಟಾನ್‌ಗಳಲ್ಲಿ ತೊಂಬತ್ತಕ್ಕೂ ಹೆಚ್ಚನ್ನು ಪ್ರತಿದೀಪ್ತಿಯಾಗಿ ಹಿಂತಿರುಗಿಸುತ್ತದೆ. ಅದಕ್ಕೆ ನಾಲ್ಕು ಬ್ರೋಮಿನ್ ಸೇರಿಸಿದರೆ ಇಯೋಸಿನ್. ಹಿಂತಿರುಗುವುದು ಇಪ್ಪತ್ತರ ಆಸುಪಾಸು. ನಾಲ್ಕು ಅಯೋಡಿನ್ ಸೇರಿಸಿದರೆ ಎರಿಥ್ರೋಸಿನ್, ಸುಮಾರು ಎರಡು. ಕಳೆದುಹೋದ ಪಾಲಿನ ಬಹುಭಾಗ ಟ್ರಿಪ್ಲೆಟ್‌ಗೆ ಹೋಗಿರುತ್ತದೆ. ಅದರಿಂದಲೇ ಈ ಬಣ್ಣಗಳು ಬೆಳಕಿನಲ್ಲಿ ಸಿಂಗ್ಲೆಟ್ ಆಮ್ಲಜನಕವನ್ನು ಉತ್ಪಾದಿಸುತ್ತವೆ. ನಿರ್ವಾತ ಅವರು ಓಡಿಸಬೇಕು ಎನ್ನುವ ಆಮ್ಲಜನಕವೇ ಅಲ್ಲಿ ಬೇಕಾದ ಫಲ. ಬೆಳಕಿನಿಂದ ಗಡ್ಡೆಗಳನ್ನು ನಾಶಪಡಿಸುವ ಚಿಕಿತ್ಸೆ ನಿಂತಿರುವುದೂ ಆಮ್ಲಜನಕದ ಇಂತಹ ಚುರುಕು ರೂಪಗಳ ಮೇಲೆಯೇ.

ಭಾರ ಪರಮಾಣು ಬಂಧದಲ್ಲಿ ಇರಲೇಬೇಕೆಂದೂ ಇಲ್ಲ. 1952ರಲ್ಲಿ ಮೈಕೆಲ್ ಕಾಶಾ ಅವರು ಕ್ಲೋರೊನ್ಯಾಫ್ತಲೀನ್ ಮತ್ತು ಈಥೈಲ್ ಅಯೋಡೈಡ್ ಎಂಬ ಎರಡು ಬಣ್ಣವಿಲ್ಲದ ದ್ರವಗಳನ್ನು ಬೆರೆಸಿ ಹಳದಿ ಬಣ್ಣ ಬರುವುದನ್ನು ತೋರಿಸಿದರು. ಪಕ್ಕದ ಅಣುವಿನ ಅಯೋಡಿನ್ ತಾಗಿದ ಮಾತ್ರಕ್ಕೆ ನಿಷಿದ್ಧವಾಗಿದ್ದ ಹೀರಿಕೆಗೆ ಅನುಮತಿ ಸಿಕ್ಕಿತು ಎಂಬುದು ಅವರ ವಿವರಣೆ.

ಆದರೂ ಬೆಳಕು ಸೂಸುವ ಅಣು ಬೇಕಾದಾಗ ಲೋಹವೇ ಮೇಲು. ಅಯೋಡಿನ್ ಉಂಗುರದ ಅಂಚಿನಲ್ಲಿ ಒಂಟಿ ಬಂಧದಲ್ಲಿ ನೇತಾಡುತ್ತದೆ, ಉಂಗುರಗಳ ಮೇಲೆ ಹರಡಿದ ಎಲೆಕ್ಟ್ರಾನ್ ಮೋಡದೊಂದಿಗೆ, ಅಂದರೆ ಪೈ-ಮೋಡದೊಂದಿಗೆ, ಅದರ ಬೆರೆಯುವಿಕೆ ಸೀಮಿತ. ಇಂಗಾಲ-ಅಯೋಡಿನ್ ಬಂಧ ದುರ್ಬಲ, ಬೆಳಕಿಗೆ ಒಡೆಯುತ್ತದೆ. ಪ್ಲಾಟಿನಂ, ಇರಿಡಿಯಂಗಳ ಡಿ-ಕಕ್ಷೆಗಳು ಪೈ-ಮೋಡದ ಒಳಗೇ ಹೆಣೆದುಕೊಳ್ಳುತ್ತವೆ.

ನಿಕ್ಕಲ್‌ನದು ಬೇರೆಯೇ ಕಥೆ. ಅದರಲ್ಲಿ ಪಾರ್ಫಿರಿನ್‌ನ ಉದ್ದೀಪಿತ ಸ್ಥಿತಿಗಳಿಗಿಂತ ಕೆಳಗೆ ಲೋಹದ ಸ್ವಂತ ಡಿ-ಡಿ ಸ್ಥಿತಿಗಳಿವೆ, ಅಂದರೆ ಲೋಹದ ಒಂದು ಡಿ-ಕಕ್ಷೆಯಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ಏರಿದ ಸ್ಥಿತಿಗಳು. ಶಕ್ತಿ ಕೆಲವೇ ಪಿಕೊಸೆಕೆಂಡುಗಳಲ್ಲಿ ಅಲ್ಲಿಗೆ ಸುರಿದು ಶಾಖವಾಗುತ್ತದೆ. ಪಲ್ಲೇಡಿಯಂ, ಪ್ಲಾಟಿನಂಗಳಲ್ಲಿ ಆ ಸ್ಥಿತಿಗಳು ಬಹಳ ಮೇಲಿರುವುದರಿಂದ ಪಾರ್ಫಿರಿನ್‌ನ ಟ್ರಿಪ್ಲೆಟ್ ಉಳಿದು ಹೊಳೆಯುತ್ತದೆ. ಪಲ್ಲೇಡಿಯಂ ಪಾರ್ಫಿರಿನ್‌ನ ಜೀವಿತಾವಧಿ ಮಿಲಿಸೆಕೆಂಡಿನ ಸಮೀಪ, ಪ್ಲಾಟಿನಂನದು ನೂರು ಮೈಕ್ರೊಸೆಕೆಂಡಿನ ಸಮೀಪ. ಬೆಳಕು ಆರಿತು ಎಂದಾಕ್ಷಣ ಟ್ರಿಪ್ಲೆಟ್ ಹುಟ್ಟಿತು ಎಂದು ಬರೆದುಬಿಡಬೇಡಿ.

ಬೆಳ್ಳಿಚುಕ್ಕಿ:

ಬೆಳಕು ಸೂಸುವ ಪರದೆಗಳ ಕಡೆ ಕೆಲಸ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ.

ವಿದ್ಯುತ್ ಹಾಯಿಸಿ ಅಣುವನ್ನು ಉದ್ದೀಪಿಸಿದಾಗ ಸ್ಪಿನ್‌ಗಳು ಯಾದೃಚ್ಛಿಕವಾಗಿ ಸೇರುತ್ತವೆ. ಒಂದು ಸಿಂಗ್ಲೆಟ್‌ಗೆ ಮೂರು ಟ್ರಿಪ್ಲೆಟ್ ಹುಟ್ಟುತ್ತವೆ. ಸಾಧಾರಣ ಸಾವಯವ ಅಣುವಿನಲ್ಲಿ ಆ ಮುಕ್ಕಾಲು ಪಾಲು ಕತ್ತಲಲ್ಲೇ ಕಳೆದುಹೋಗುತ್ತದೆ. 1998ರಲ್ಲಿ ಬಾಲ್ಡೊ, ಥಾಂಪ್ಸನ್, ಫಾರೆಸ್ಟ್ ಮತ್ತು ಸಂಗಡಿಗರು ಪ್ಲಾಟಿನಂ ಪಾರ್ಫಿರಿನ್ ಬಳಸಿ ಕೆಂಪು ಬೆಳಕಿನಲ್ಲಿ ಆ ಟ್ರಿಪ್ಲೆಟ್‌ಗಳನ್ನು ಹಿಡಿದು ತೋರಿಸಿದರು. ಆದರೆ ವಿದ್ಯುತ್ ಹೆಚ್ಚಿಸಿದಂತೆ ಅದರ ದಕ್ಷತೆ ಕುಸಿಯುತ್ತಿತ್ತು. ಸುಮಾರು ನೂರು ಮೈಕ್ರೊಸೆಕೆಂಡ್ ಕಾಯುವ ಟ್ರಿಪ್ಲೆಟ್‌ಗಳು ಗುಂಪುಗೂಡಿ ಒಂದನ್ನೊಂದು ನಂದಿಸುತ್ತವೆ.

ಮರು ವರ್ಷವೇ ಇರಿಡಿಯಂಗೆ ಮೂರು ಫಿನೈಲ್‌ಪಿರಿಡೀನ್ ತೋಳುಗಳಿರುವ ಹಸಿರು ಅಣು ಬಂತು. ಅದರ ಟ್ರಿಪ್ಲೆಟ್ ಒಂದೆರಡು ಮೈಕ್ರೊಸೆಕೆಂಡಿನಲ್ಲೇ ಬೆಳಕು ಸೂಸಿ ಮುಗಿಸುತ್ತದೆ. ಇಬ್ಬನಿ, ಅಲೆಕಣ ಅವರು ಕೊಟ್ಟ ಪಟ್ಟಿಯಲ್ಲಿ ಇರಿಡಿಯಂ ಪ್ಲಾಟಿನಂಗಿಂತ ಸ್ವಲ್ಪ ಹಿಂದಿದೆ ಎಂಬುದನ್ನು ಗಮನಿಸಿ. ಆದರೂ ಹತ್ತಾರು ಪಟ್ಟು ವೇಗ. ಪ್ಲಾಟಿನಂ ಪಾರ್ಫಿರಿನ್‌ನಲ್ಲಿ ಉದ್ದೀಪನ ಬಹುಮಟ್ಟಿಗೆ ಉಂಗುರದ ಮೇಲೆಯೇ ಇರುತ್ತದೆ, ಲೋಹ ನಡುವೆ ಕುಳಿತು ನೋಡುತ್ತಿರುತ್ತದೆ. ಇರಿಡಿಯಂ ಅಣುವಿನಲ್ಲಿ ಎಲೆಕ್ಟ್ರಾನ್ ಹೊರಡುವುದೇ ಬಹುಪಾಲು ಲೋಹದಿಂದ. ನಿಮ್ಮ ಗಿಡ್ಡ ಮತ್ತು ಉದ್ದನೆಯ ಅಣುಗಳಲ್ಲಿ ಕಂಡದ್ದೂ ಇದೇ ಸಂಗತಿ, ವೇಷ ಬೇರೆ.

ಕಡಲಾಚೆ:

ಚರ್ಚೆ ಚೆನ್ನಾಗಿದೆ. ಒಂದು ಆಕ್ಷೇಪ: ಭಾರ ಪರಮಾಣುವಿಲ್ಲದೆ ಟ್ರಿಪ್ಲೆಟ್ ಇಲ್ಲ ಎಂಬ ಭಾವನೆ ಓದುಗರಲ್ಲಿ ಉಳಿಯಬಾರದು. ಬೆಂಜೊಫಿನೋನ್‌ನಲ್ಲಿ ಇಂಗಾಲ, ಹೈಡ್ರೊಜನ್, ಆಮ್ಲಜನಕ ಬಿಟ್ಟರೆ ಬೇರೇನೂ ಇಲ್ಲ. ಆದರೂ ಹತ್ತಿಪ್ಪತ್ತು ಪಿಕೊಸೆಕೆಂಡುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಅಣುಗಳೂ ಟ್ರಿಪ್ಲೆಟ್‌ಗೆ ದಾಟುತ್ತವೆ. ಸ್ಪಿನ್ ತಿರುಗುವಾಗ ಕಕ್ಷೆಯ ಬಗೆಯೂ ಬದಲಾದರೆ ದಾಟುವುದು ಸುಲಭ ಎಂದು 1960ರ ದಶಕದ ಆರಂಭದಲ್ಲಿ ಮುಸ್ತಫಾ ಎಲ್-ಸಯ್ಯದ್ ತೋರಿಸಿದ್ದರು. ಅಲ್ಲಿ ಕೆಲಸ ಮಾಡುವುದು ಅದೇ ನಿಯಮ.

ಇನ್ನೊಂದು ಎಚ್ಚರಿಕೆ ಪಾಲಿಮರ್ ಮಾಡುವವರಿಗೆ. ಏಣಿಯಂತಹ ರಚನೆಯ ಒಂದು ಫಿನಿಲೀನ್ ಪಾಲಿಮರ್ ಕೋಣೆಯ ಉಷ್ಣತೆಯಲ್ಲೇ ಸ್ಫುರದೀಪ್ತಿ ಕೊಡುವುದನ್ನು 2002ರಲ್ಲಿ ವರದಿ ಮಾಡಿದರು. ಕಾರಣ ಹುಡುಕಿದಾಗ ಸಿಕ್ಕದ್ದು ಜೋಡಣಾ ಕ್ರಿಯೆಯ ವೇಗವರ್ಧಕದಿಂದ ಉಳಿದುಕೊಂಡ ಪಲ್ಲೇಡಿಯಂ, ಹತ್ತು ಲಕ್ಷ ಭಾಗಕ್ಕೆ ನೂರು ಭಾಗವೂ ಇರಲಿಲ್ಲ. ಉದ್ದೀಪನ ಸರಪಳಿಯಲ್ಲಿ ಅಲೆಯುತ್ತಾ ಲೋಹವಿರುವ ಜಾಗವನ್ನು ತಾನೇ ತಲುಪುತ್ತದೆ. ಲೋಹವನ್ನು ನೀವು ಸೇರಿಸದಿದ್ದರೂ ಅದು ನಿಮ್ಮ ಸೀಸೆಯಲ್ಲಿರಬಹುದು.

ಅಲೆಕಣ:

ಕಡಲಾಚೆ ಅವರ ಆಕ್ಷೇಪ ನ್ಯಾಯವಾದದ್ದು. ಇಬ್ಬನಿ ಅವರೇ, ಸ್ಫುರದೀಪ್ತಿ ಅಳೆಯುವಾಗ ಇದೊಂದನ್ನು ನೆನಪಿಡಿ. ನಿಮ್ಮಂತಹ ಪ್ಲಾಟಿನಂ ಅಸಿಟೈಲೈಡ್‌ಗಳಲ್ಲಿ (ಲೋಹಕ್ಕೆ ತ್ರಿಬಂಧದ ತೋಳು ಜೋಡಿಸಿದ ಅಣುಗಳಲ್ಲಿ) ಟ್ರಿಪ್ಲೆಟ್ ಸಿಂಗ್ಲೆಟ್‌ಗಿಂತ ಗಿಡ್ಡ ಜಾಗದಲ್ಲಿ ಮುದುಡಿಕೊಂಡಿರುತ್ತದೆ. ಪಾಲಿಮರ್‌ಗಳಲ್ಲಿ ಅದು ಸಿಂಗ್ಲೆಟ್‌ಗಿಂತ ಸುಮಾರು 0.7 ಎಲೆಕ್ಟ್ರಾನ್ ವೋಲ್ಟ್ ಕೆಳಗಿರುತ್ತದೆ. ಉದ್ದನೆಯ ಅಣುವಿನಲ್ಲಿ ಅದು ಉಂಗುರಗಳ ಮೇಲೆ ನೆಲೆಸಿದರೆ ಲೋಹದ ನೆರವು ಕಡಿಮೆಯಾಗಿ ಜೀವಿತಾವಧಿ ಹೆಚ್ಚಬೇಕು. ನನ್ನ ಊಹೆ ಸರಿಯೋ ತಪ್ಪೋ ನಿಮ್ಮ ಅಳತೆ ಹೇಳಲಿ.

ಮುಂದೆ ಕೆಂಪಿನಾಚೆಯ ಅಣು ಮಾಡುವ ಯೋಚನೆ ಇದ್ದರೆ ಇನ್ನೂ ಒಂದು ತೊಡಕಿದೆ. ಟ್ರಿಪ್ಲೆಟ್‌ನ ಶಕ್ತಿ ಇಳಿದಷ್ಟೂ ಅದು ಬಂಧಗಳ ಕಂಪನದಲ್ಲಿ ಶಾಖವಾಗಿ ಕರಗುವ ವೇಗ ಘಾತೀಯವಾಗಿ ಏರುತ್ತದೆ. ಲೋಹ ಎಷ್ಟೇ ಭಾರವಿದ್ದರೂ ಇದರಿಂದ ಪಾರಾಗಲು ಆಗುವುದಿಲ್ಲ.

ಇಬ್ಬನಿ:

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಎಲ್ಲವನ್ನೂ ಮೊದಲಿನಿಂದ ಮಾಡಿದೆ.

ನಿರ್ವಾತ ಅವರ ಅನುಮಾನ ಅರ್ಧ ನಿಜವಾಯಿತು. ಉದ್ದನೆಯ ಅಣುವಿನ ಮಾದರಿಯಲ್ಲಿ ಬಿಡಿ ತೋಳು ಸ್ವಲ್ಪ ಉಳಿದಿತ್ತು. ಮತ್ತೆ ಕಾಲಂ ಹಾಕಿ, ಹರಳುಗಟ್ಟಿಸಿ ಶುದ್ಧ ಮಾಡಿದೆ. ನೀಲಿ ಬೆಳಕು ಮೊದಲಿನ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಆರಲಿಲ್ಲ! ಎರಡನೇ ಬಾರಿ ಶುದ್ಧ ಮಾಡಿದ ಮೇಲೂ ಅಷ್ಟೇ ಉಳಿಯಿತು. ಈಗ ಉದ್ದೀಪನ ವರ್ಣಪಟಲ ಲೋಹದ ಅಣುವಿನ ಹೀರಿಕೆಯ ಮೇಲೆ ಸರಿಯಾಗಿ ಕೂರುತ್ತಿದೆ. ಬಿಡಿ ತೋಳಿನ ಹೀರಿಕೆ ಅದಕ್ಕಿಂತ ಗಿಡ್ಡ ತರಂಗಾಂತರದಲ್ಲಿದೆ, ಆದ್ದರಿಂದ ಗೊಂದಲಕ್ಕೆ ಎಡೆಯಿಲ್ಲ.

ನಾಲ್ಕು ಸಲ ಹೆಪ್ಪುಗಟ್ಟಿಸಿ, ನಿರ್ವಾತಕ್ಕೆ ಒಡ್ಡಿ, ಕೊಳವೆಯನ್ನು ಕರಗಿಸಿ ಮುಚ್ಚಿದೆ. ಗಿಡ್ಡ ಅಣುವಿನ ಕೊಳವೆಯನ್ನು ದೀಪದಡಿ ಹಿಡಿದಾಗ ಹಸಿರು ಬೆಳಕು ಬಂತು. ಒಂದು ಕ್ಷಣ ಕೈ ನಡುಗಿತು. ಅಲ್ಲಿಯವರೆಗೆ ಅದನ್ನು ಸತ್ತ ಅಣು ಎಂದೇ ಬರೆದಿಟ್ಟುಕೊಂಡಿದ್ದೆ. ಉದ್ದನೆಯದರಲ್ಲಿ ನೀಲಿಯ ಜೊತೆಗೆ ಹಳದಿ-ಹಸಿರು ಸೇರಿ ಬಂತು. ಕೊಳವೆಯ ತುದಿ ಮುರಿದು ಗಾಳಿ ಬಿಟ್ಟಾಗ ಹಳದಿ-ಹಸಿರು ಮಾಯವಾಗಿ ನೀಲಿ ಮಾತ್ರ ಉಳಿಯಿತು.

ಅಲೆಕಣ ಅವರೇ, ಉದ್ದನೆಯದರ ಸ್ಫುರದೀಪ್ತಿಯ ಜೀವಿತಾವಧಿ ಗಿಡ್ಡದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದೆ. ಮೂರು ಬಾರಿ ಅಳೆದೆ, ಮೂರು ಬಾರಿಯೂ ಹಾಗೆಯೇ. ನೀಲಿ ಬೆಳಕಿನ ಜೀವಿತಾವಧಿ ಮಾತ್ರ ನಮ್ಮ ಉಪಕರಣದ ಮಿತಿಗಿಂತ ಕಡಿಮೆ, ಆ ಅಂಕಿಯನ್ನು ಬರೆಯುವುದಿಲ್ಲ.

ನಿರ್ವಾತ:

ಅರ್ಧ ನಿಜವಾದದ್ದನ್ನೂ ಮುಚ್ಚಿಡದೆ ಬರೆದಿರಿ, ಸಂತೋಷ. ಅಶುದ್ಧ ಮಾದರಿಯ ಹಳೆಯ ವರ್ಣಪಟಲವನ್ನು ಎಸೆಯಬೇಡಿ. ಎಷ್ಟು ತೋಳು ಉಳಿದರೆ ಎಷ್ಟು ನೀಲಿ ಹೆಚ್ಚುತ್ತದೆ ಎಂಬ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಕಂದೀಲು:

ಮುಂದಿನ ಹೆಜ್ಜೆಯಾಗಿ ಅದೇ ನಾಲ್ಕು ಉಂಗುರದ ತೋಳಿನ ಒಂದು ತುದಿಗೆ ಮಾತ್ರ ಚಿನ್ನವನ್ನು ಜೋಡಿಸಿ ನೋಡಿ. ಚಿನ್ನದ ಸಂಖ್ಯೆ 79, ಪ್ಲಾಟಿನಂಗಿಂತ ಒಂದು ಹೆಚ್ಚು. ಆದರೆ ತುದಿಯಲ್ಲಿ ಕುಳಿತ ಚಿನ್ನದ ಕಕ್ಷೆಗಳು ಪೈ-ಮೋಡದೊಂದಿಗೆ ಕಡಿಮೆ ಬೆರೆಯುತ್ತವೆ. ನೀಲಿ ಇನ್ನೂ ಗಟ್ಟಿಯಾಗಿ ಉಳಿಯಬೇಕು. ಎರಡೂ ಮಾದರಿಗಳನ್ನು 77 ಕೆಲ್ವಿನ್‌ನಲ್ಲೂ ಅಳೆಯಿರಿ, ಕಂಪನದಿಂದಾಗುವ ನಷ್ಟ ಅಲ್ಲಿ ತಗ್ಗಿ ಲೋಹದ ಪಾಲು ಬೇರೆಯಾಗಿ ಕಾಣುತ್ತದೆ.

ಇಬ್ಬನಿ:

ಚಿನ್ನದ ಲವಣ ಬರಲು ಮೂರು ವಾರ ಹಿಡಿಯುತ್ತದೆ ಸರ್. ದ್ರವ ಸಾರಜನಕ ನಾಳೆಯೇ ಸಿಗುತ್ತದೆ, ಆ ಅಳತೆಯಿಂದ ಶುರು ಮಾಡುತ್ತೇನೆ.